ಕೊಕ್ಕೆಹುಳು ಇರುವ ತಾಯಿ ಎದೆಹಾಲು ಕೊಡಬಹುದೇ?

ನಿಮ್ಮ ಮಗುವಿಗೆ ಮೂರು ತಿಂಗಳು. ನಿಮ್ಮ ಮಲ ಪರೀಕ್ಷೆಯಲ್ಲಿ, ಕರುಳಿನಲ್ಲಿ ಕೂತು ರಕ್ತ ಹೀರುವ ಕೊಕ್ಕೆಹುಳುವಿನ ಮೊಟ್ಟೆ ಕಂಡಿದೆ, ಹಿಮೋಗ್ಲೋಬಿನ್ 9ರ ಆಸುಪಾಸಿದೆ. ನಾಯಿಮರಿಗಳಿಗೆ ತಾಯಿಹಾಲಿನಿಂದಲೇ ಹುಳು ಹತ್ತುತ್ತದೆ ಎಂದು ಓದಿದ್ದೀರಿ, ಹಾಗಾದರೆ ಹಾಲು ಬಿಡಿಸಬೇಕೇ ಎಂದು ಕೇಳಿದ್ದೀರಿ.

ಬಿಡಿಸಬೇಡಿ. ಮಾತ್ರೆ ತೆಗೆದುಕೊಂಡ ದಿನವೂ ಬಿಡಿಸುವುದು ಬೇಡ. ಆದರೆ ನೀವು ಓದಿದ ಮಾತು ಸುಳ್ಳಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾಯಿಗಳಲ್ಲಿರುವ ಆಂಕೈಲೋಸ್ಟೋಮಾ ಕ್ಯಾನೈನಮ್ ಎಂಬ ಕೊಕ್ಕೆಹುಳುವಿನ ಮರಿಗಳೆಲ್ಲ ಕರುಳಿಗೆ ಹೋಗಿ ದೊಡ್ಡವಾಗುವುದಿಲ್ಲ. ಕೆಲವು ಮಾಂಸಖಂಡದಲ್ಲಿ ನಿದ್ರೆಗೆ ಜಾರಿದಂತೆ ಉಳಿದುಬಿಡುತ್ತವೆ. ನಾಯಿ ಮರಿ ಹಾಕುವ ಹೊತ್ತಿಗೆ ಎಚ್ಚೆತ್ತು ಕೆಚ್ಚಲಿನತ್ತ ಸಾಗಿ ಹಾಲಿನೊಡನೆ ಹೊರಬರುತ್ತವೆ. ಎಮ್ಮೆ, ಹಸುಗಳ ಕರುಗಳಿಗೆ ಬರುವ ಟೊಕ್ಸೋಕಾರಾ ವಿಟುಲೋರಮ್ ಎಂಬ ದೊಡ್ಡ ದುಂಡುಹುಳುವಿಗೂ ತಾಯಿಹಾಲೇ ಮುಖ್ಯ ದಾರಿ. ಹುಟ್ಟಿದ ಕೆಲವೇ ವಾರಗಳಲ್ಲಿ ಕರುಗಳಿಗೆ ಹುಳುವಿನ ಔಷಧಿ ಕುಡಿಸುವುದು ಈ ಕಾರಣಕ್ಕೇ. ಹಂದಿಮರಿ ಮತ್ತು ಕುದುರೆಮರಿಗಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಎಂಬ ಸಣ್ಣ ಹುಳು ಇದೇ ದಾರಿ ಹಿಡಿಯುತ್ತದೆ. ಪ್ರಾಣಿಗಳ ಮಟ್ಟಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ಮನುಷ್ಯರ ವಿಷಯಕ್ಕೆ ಬಂದರೆ ಪುರಾವೆ ತೆಳುವಾಗುತ್ತದೆ. ನಮಗೆ ಬರುವ ಮುಖ್ಯ ಕೊಕ್ಕೆಹುಳುಗಳು ಎರಡು: ನೆಕೇಟರ್ ಅಮೆರಿಕಾನಸ್ ಮತ್ತು ಆಂಕೈಲೋಸ್ಟೋಮಾ ಡುವೊಡಿನೇಲ್. ಹಾಲಿನ ದಾರಿಯ ಅನುಮಾನ ಇರುವುದು ಎರಡನೆಯದರ ಮೇಲೆ. ಅದರ ಮರಿಗಳೂ ಮೈಯೊಳಗೆ ತಿಂಗಳುಗಟ್ಟಲೆ ಬೆಳೆಯದೆ ಕಾಯಬಲ್ಲವು. ಇನ್ನೂ ನೆಲ ಮುಟ್ಟದ ಕೂಸುಗಳಲ್ಲಿ ಈ ಸೋಂಕು ಕಂಡಾಗ ಹಾಲಿನಿಂದ ಬಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಆದರೆ ಮಗುವನ್ನು ಮಣ್ಣಿನ ನೆಲದ ಮೇಲೆ ಮಲಗಿಸಿದರೂ, ಕಲುಷಿತ ಹಸಿ ನೆಲದ ಮೇಲೆ ಹರವಿದ ಬಟ್ಟೆಯನ್ನು ಲಂಗೋಟಿಯಾಗಿ ಕಟ್ಟಿದರೂ ಸೋಂಕು ಬರಬಹುದು. ಈ ಎರಡನ್ನು ತಳ್ಳಿಹಾಕದೆ ಹಾಲಿನತ್ತ ಬೆರಳು ಮಾಡುವುದು ಸರಿಯಲ್ಲ. ಸೂಕ್ಷ್ಮದರ್ಶಕದಲ್ಲಿ ಎರಡೂ ಜಾತಿಯ ಮೊಟ್ಟೆಗಳು ಒಂದೇ ತೆರ ಕಾಣುತ್ತವೆ, ಆದ್ದರಿಂದ ನಿಮ್ಮ ವರದಿಯಲ್ಲಿ ಬರೀ ‘ಕೊಕ್ಕೆಹುಳು’ ಎಂದಿದ್ದರೆ ಅದು ಲ್ಯಾಬಿನ ತಪ್ಪಲ್ಲ. ಜಾತಿ ಹೇಳಲು ಮರಿಗಳನ್ನು ಬೆಳೆಸಿ ನೋಡಬೇಕು, ಇಲ್ಲವೇ ಪಿಸಿಆರ್ ಮಾಡಬೇಕು. ಚಿಕಿತ್ಸೆಗೆ ಅದರ ಅಗತ್ಯವಿಲ್ಲ.

ಮನುಷ್ಯರ ಎದೆಹಾಲಿನಲ್ಲಿಯೇ ಹುಳುವಿನ ಮರಿ ಸಿಕ್ಕ ವರದಿಯೂ ಇದೆ. ಆಫ್ರಿಕಾದ ಜಯೀರ್‌ನಿಂದ, ಅಂದರೆ ಇಂದಿನ ಕಾಂಗೋದಿಂದ, 1977ರಲ್ಲಿ ಬಂದ ವರದಿ ಅದು. ಸಿಕ್ಕಿದ್ದು ಸ್ಟ್ರಾಂಜಿಲಾಯ್ಡಿಸ್ ಜಾತಿಯ ಮರಿ. ಪಪುವಾ ನ್ಯೂಗಿನಿಯಲ್ಲಿ ಇದರ ಹತ್ತಿರದ ಬಂಧುವೊಂದು ಕೆಲವೇ ವಾರಗಳ ಕೂಸುಗಳ ಹೊಟ್ಟೆ ಊದಿಸುವ ಗಂಭೀರ ಕಾಯಿಲೆ ತಂದಿತ್ತು, ಅಲ್ಲೂ ಹಾಲಿನ ದಾರಿಯ ಶಂಕೆಯಿತ್ತು. ಜಗತ್ತಿನ ಹೆಚ್ಚಿನ ಕಡೆ ಜನರಲ್ಲಿ ಕಾಣುವ ಸ್ಟ್ರಾಂಜಿಲಾಯ್ಡಿಸ್ ಸ್ಟರ್ಕೊರಾಲಿಸ್ ಇದೇ ಅಲ್ಲ.

ಅನುಮಾನ ಇದ್ದ ಮೇಲೂ ಹಾಲು ನಿಲ್ಲಿಸಬೇಡಿ ಎನ್ನುವುದಕ್ಕೆ ಕಾರಣ ಇದೆ. ಹಾಲು ನಿಂತ ದಿನದಿಂದ ಮಗುವಿನ ಬಾಯಿಗೆ ನೀರು, ಬಾಟಲಿ, ನಿಪ್ಪಲ್ ಬರುತ್ತವೆ. ಜಿಯಾರ್ಡಿಯಾ, ಅಮೀಬಾ ಎಂಬ ಕರುಳಿನ ಪರಾವಲಂಬಿಗಳು, ಭೇದಿಯ ಬ್ಯಾಕ್ಟೀರಿಯಾ ಎಲ್ಲಕ್ಕೂ ಅದು ತೆರೆದ ಬಾಗಿಲು. ಎದೆಹಾಲಿನಲ್ಲಿರುವ ಐಜಿಎ ಪ್ರತಿಕಾಯ ಮಗುವಿನ ಕರುಳನ್ನು ಕಾಯುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಕಿಣ್ವವು ಕೊಬ್ಬನ್ನು ಒಡೆದಾಗ ಹೊರಬರುವ ಆಮ್ಲಗಳು ಜಿಯಾರ್ಡಿಯಾವನ್ನು ಕೊಲ್ಲುವುದನ್ನು ಪ್ರಯೋಗಶಾಲೆಯಲ್ಲಿ ತೋರಿಸಿದ್ದಾರೆ. ಖಚಿತವಲ್ಲದ ಒಂದು ಅಪಾಯಕ್ಕೆ ಹೆದರಿ ಖಚಿತವಾದ ರಕ್ಷಣೆಯನ್ನು ಕೈಬಿಡುವುದು ನನಗೆ ಯಾವ ಲೆಕ್ಕದಲ್ಲೂ ಸರಿ ಕಾಣುವುದಿಲ್ಲ. ನಿಮ್ಮ ರಕ್ತಹೀನತೆಯಿಂದ ಹಾಲು ‘ಕೆಟ್ಟಿರುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಾಯಿಯ ರಕ್ತದಲ್ಲಿ ಕಬ್ಬಿಣ ಇಳಿದರೂ ಹಾಲಿನ ಕಬ್ಬಿಣದ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಸೊರಗುವವರು ನೀವು.

ಆದ್ದರಿಂದ ಮೊದಲು ನಿಮ್ಮ ಚಿಕಿತ್ಸೆ. ಕೊಕ್ಕೆಹುಳುವಿಗೆ ವಯಸ್ಕರಿಗೆ ಕೊಡುವುದು ಅಲ್ಬೆಂಡಜೋಲ್ 400 ಮಿ.ಗ್ರಾಂ, ಒಂದೇ ಸಲ. ಇದು ಹಾಲಿಗೆ ಸೇರುವ ಪ್ರಮಾಣ ತೀರಾ ಕಡಿಮೆ, ಹಾಲುಣಿಸುವ ತಾಯಂದಿರಿಗೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಲು ಹಿಂಡಿ ಚೆಲ್ಲಬೇಕಿಲ್ಲ. ಒಂದೇ ಮಾತ್ರೆಗೆ ಗುಣವಾಗುವವರು ನೂರಕ್ಕೆ ಸುಮಾರು 80 ಮಂದಿ, ಎಲ್ಲರೂ ಅಲ್ಲ. ಮೈಯಲ್ಲಿ ನಿದ್ರಿಸುವ ಮರಿಗಳಿಗೆ ಈ ಮಾತ್ರೆ ಸರಿಯಾಗಿ ತಾಕುವುದೂ ಇಲ್ಲ. ಅದಕ್ಕೇ ಎರಡು ಮೂರು ವಾರ ಬಿಟ್ಟು ಮಲ ಪರೀಕ್ಷೆ ಮತ್ತೆ ಮಾಡಿಸಿ, ಮೊಟ್ಟೆ ಇದ್ದರೆ ಮಾತ್ರೆ ಮತ್ತೆ ಬೇಕಾಗುತ್ತದೆ. ಹುಳು ಸತ್ತರೂ ಹೋದ ಕಬ್ಬಿಣ ತಾನಾಗಿ ವಾಪಸು ಬರುವುದಿಲ್ಲ. ವೈದ್ಯರು ಬರೆದ ಕಬ್ಬಿಣದ ಮಾತ್ರೆಯನ್ನು ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ಕಾಫಿ ಟೀಗಳಿಂದ ಒಂದೆರಡು ಗಂಟೆ ದೂರವಿಡಬೇಕು. ಸುಸ್ತು ಹೋಯಿತೆಂದು ನಡುವೆ ಬಿಡುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಬೇರೆ ಪರಾವಲಂಬಿಗಳ ಔಷಧಿಗಳ ಬಗ್ಗೆ ಎಚ್ಚರ ಬೇಕು, ಎಲ್ಲವೂ ಅಲ್ಬೆಂಡಜೋಲ್‌ನಷ್ಟು ನಿರಾಳವಲ್ಲ. ಜಿಯಾರ್ಡಿಯಾ, ಅಮೀಬಾಗಳಿಗೆ ಕೊಡುವ ಮೆಟ್ರೊನಿಡಜೋಲ್ 2 ಗ್ರಾಂ ಒಂದೇ ಬಾರಿಗೆ ತೆಗೆದುಕೊಂಡರೆ 12ರಿಂದ 24 ಗಂಟೆ ಹಾಲು ಹಿಂಡಿ ಚೆಲ್ಲುವಂತೆ ಹೇಳುವ ವೈದ್ಯರಿದ್ದಾರೆ. ಟಿನಿಡಜೋಲ್ ಆದರೆ ಮೂರು ದಿನ. ಮಲೇರಿಯಾ ಎದೆಹಾಲಿನಿಂದ ಬರುವುದಿಲ್ಲ, ಆದರೆ ಪ್ರೈಮಾಕ್ವಿನ್ ಕೊಡುವ ಮೊದಲು ತಾಯಿಗೂ ಮಗುವಿಗೂ ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಪರೀಕ್ಷೆ ಆಗಬೇಕು. ಮರಳುನೊಣದಿಂದ ಹರಡುವ ಕಾಲಾ ಅಜಾರ್ ಜ್ವರಕ್ಕೆ ಕೊಡುವ ಮಿಲ್ಟೆಫೋಸಿನ್ ಹಾಲುಣಿಸುವಾಗ ಬೇಡ.

ತಾಯಿಯಿಂದ ಮಗುವಿಗೆ ಪರಾವಲಂಬಿಗಳು ಹಾಲಿಗಿಂತ ಕೈ ಮತ್ತು ಚರ್ಮದ ಮೂಲಕ ಹೋಗುವುದೇ ಹೆಚ್ಚು. ಆದರೆ ಕೊಕ್ಕೆಹುಳುವಿನ ಮಟ್ಟಿಗೆ ನಿಮ್ಮ ಕೈಯಿಂದಲೂ ಮಗುವಿಗೆ ನೇರವಾಗಿ ದಾಟುವುದಿಲ್ಲ. ಮಲದಲ್ಲಿ ಬಿದ್ದ ಮೊಟ್ಟೆ ಬೆಚ್ಚಗಿನ ಹಸಿ ಮಣ್ಣಿನಲ್ಲಿ ಒಂದೆರಡು ದಿನಕ್ಕೆ ಒಡೆದು, ಮರಿ ಸೋಂಕು ತರುವ ಹಂತಕ್ಕೆ ಬರಲು 5ರಿಂದ 10 ದಿನ ಬೇಕು. ದುಂಡು ಜಂತುಹುಳುವಿನ ಮೊಟ್ಟೆಗಂತೂ ಮಣ್ಣಿನಲ್ಲಿ ವಾರಗಳೇ ಬೇಕು. ಜಿಯಾರ್ಡಿಯಾ ಹಾಗಲ್ಲ, ಹೊರಬಿದ್ದ ಕ್ಷಣದಲ್ಲೇ ಅಂಟಬಲ್ಲದು. ರಾತ್ರಿ ಗುದದ ಬಳಿ ತುರಿಕೆ ತರುವ ಬಿಳಿ ದಾರದಂಥ ಹುಳುವಿನ ಮೊಟ್ಟೆ ಕೆಲವೇ ಗಂಟೆಗಳಲ್ಲಿ ತಯಾರಾಗುತ್ತದೆ, ಉಗುರಿನಡಿ ಕೂತು ಬರುತ್ತದೆ. ಹೀಗಾಗಿ ಉಗುರು ಗಿಡ್ಡವಿರಲಿ, ಶೌಚದ ನಂತರವೂ ಹಾಲೂಡುವ ಮೊದಲೂ ಸೋಪಿನಿಂದ ಕೈ ತೊಳೆಯಿರಿ. ಮೊಲೆತೊಟ್ಟಿಗೆ ಪ್ರತಿ ಸಲ ಸೋಪು ಹಚ್ಚಬೇಡಿ. ಚರ್ಮ ಒಣಗಿ ಬಿರಿಯುತ್ತದೆ, ಆಮೇಲೆ ಹಾಲೂಡುವುದೇ ಕಷ್ಟವಾಗುತ್ತದೆ.

ತುರಿಕಜ್ಜಿ ಇದ್ದರೆ ಎದೆಗವುಚಿ ಹಾಲೂಡುವಾಗ ಹುಳ ಮಗುವಿಗೆ ಸುಲಭವಾಗಿ ಹತ್ತಬಹುದು. ಅಲ್ಲೂ ಹಾಲು ನಿಲ್ಲಿಸುವುದಲ್ಲ. 5% ಪರ್ಮೆಥ್ರಿನ್ ಕ್ರೀಮನ್ನು ಮನೆಮಂದಿ ಎಲ್ಲ ಒಂದೇ ದಿನ ಹಚ್ಚಿ, 8ರಿಂದ 14 ಗಂಟೆ ಬಿಟ್ಟು ತೊಳೆದು, ವಾರದ ನಂತರ ಇನ್ನೊಮ್ಮೆ ಹಚ್ಚಬೇಕು. ತೊಟ್ಟಿಗೆ ಹಚ್ಚಿದ್ದನ್ನು ಹಾಲೂಡುವ ಮೊದಲು ತೊಳೆದು, ನಂತರ ಮತ್ತೆ ಹಚ್ಚಿ. ಎರಡು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಹಚ್ಚಬೇಡಿ.

ಹಾಲಿಗೆ ತಾತ್ಕಾಲಿಕ ತಡೆ ಹಾಕಬೇಕಾದ ಒಂದು ಕಾಯಿಲೆ ಇದೆ: ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ಪರಾವಲಂಬಿಯೊಂದು ತರುವ ಶಾಗಸ್. ಹಳೆಯ, ಸುಮ್ಮನಿರುವ ಹಂತದಲ್ಲಿ ಹಾಲು ಕೊಡಬಹುದು. ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ಗಾಯ ಮಾಯುವ ತನಕ ಆ ಹಾಲನ್ನು ಹಿಂಡಿ ಚೆಲ್ಲಬೇಕು, ಏಕೆಂದರೆ ಪರಾವಲಂಬಿ ಇರುವುದು ರಕ್ತದಲ್ಲಿ. ತೀವ್ರ ಹಂತದಲ್ಲಿ ಹಾಲು ಬೇಡ ಎನ್ನುತ್ತಾರೆ.

ಇನ್ನು ನಿಮ್ಮ ಮಗು. ಚೆನ್ನಾಗಿ ಕುಡಿದು, ತೂಕ ಏರುತ್ತಾ, ಮೈ ಕೆಂಪಗಿದ್ದರೆ ಏನೂ ಪರೀಕ್ಷೆ ಬೇಡ, ನೋಡುತ್ತಿರಿ. ಬಿಳಿಚಿಕೊಂಡ ತುಟಿ ಮತ್ತು ಅಂಗೈ, ಡಾಂಬರಿನಂತೆ ಕಪ್ಪು ಅಂಟು ಮಲ, ಹಾಲು ಕುಡಿಯುವಾಗ ಏದುಸಿರು, ತೂಕ ನಿಂತುಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಮಕ್ಕಳ ವೈದ್ಯರ ಬಳಿಗೆ ಹೋಗಿ. ಆತುರ ಯಾಕೆಂದರೆ ಲೆಕ್ಕ ಹೀಗಿದೆ: ಡುವೊಡಿನೇಲ್ ಹುಳು ಒಂದು ದಿನಕ್ಕೆ 0.15ರಿಂದ 0.2 ಮಿ.ಲೀ. ರಕ್ತ ಕಳೆಯುತ್ತದೆ. ಇಪ್ಪತ್ತು ಹುಳುವಿದ್ದರೆ 3ರಿಂದ 4 ಮಿ.ಲೀ. ನಿಮಗೆ ಅದು ಗೊತ್ತೇ ಆಗುವುದಿಲ್ಲ. ಐದು ಕಿಲೋ ತೂಕದ ಕೂಸಿನ ಮೈಯಲ್ಲಿರುವ ರಕ್ತವೇ ಸುಮಾರು 400 ಮಿ.ಲೀ., ಅಂದರೆ ದಿನಕ್ಕೆ ನೂರರಲ್ಲಿ ಒಂದು ಪಾಲು ಹೋದಂತೆ. ಆದರೆ ಕಬ್ಬಿಣದ ಹನಿ ಕುಡಿಸುತ್ತಿದ್ದರೂ, ಬಿರಿದ ತೊಟ್ಟಿನ ರಕ್ತ ಹಾಲಿನ ಜೊತೆ ಹೊಟ್ಟೆಗೆ ಹೋದರೂ ಮಗುವಿನ ಮಲ ಕಪ್ಪಾಗುತ್ತದೆ, ಇವೆರಡನ್ನೂ ವೈದ್ಯರಿಗೆ ಹೇಳಿ.

ಮಗುವಿನ ಮಲ ಕೊಡುವಾಗ ಡೈಪರ್ ಹೀರಿಕೊಂಡದ್ದನ್ನು ಕೆರೆಯಬೇಡಿ. ಒಳಗೆ ಸ್ವಚ್ಛ ಪ್ಲಾಸ್ಟಿಕ್ ಹಾಳೆ ಹಾಸಿ, ಮೂತ್ರ ಸೇರದಂತೆ, ಒಂದು ಚಮಚದಷ್ಟು ಡಬ್ಬಿಗೆ ಹಾಕಿ ಬೇಗ ತಲುಪಿಸಿ. ಬೇರೆ ಬೇರೆ ದಿನ ಮೂರು ಮಾದರಿ ಕೊಟ್ಟರೆ ಒಳ್ಳೆಯದು, ಮೊಟ್ಟೆ ದಿನವೂ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲ. ಬೆಚ್ಚಗಿನ ಕೋಣೆಯಲ್ಲಿ ಒಂದು ದಿನ ಇಟ್ಟ ಮಲದಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಒಡೆದು ಮರಿಯಾಗುತ್ತದೆ, ಅದನ್ನು ನೋಡಿ ಸ್ಟ್ರಾಂಜಿಲಾಯ್ಡಿಸ್ ಎಂದು ಬರೆದುಬಿಡುವ ಸಾಧ್ಯತೆ ಇರುತ್ತದೆ. ಹುಳು ಇದೆಯೆಂದು ಖಚಿತವಾದರೂ ನಿಮ್ಮ ಮಾತ್ರೆಯನ್ನು ಮುರಿದು ಕೊಡಬೇಡಿ. 400 ಮಿ.ಗ್ರಾಂ. ಎರಡು ವರ್ಷ ದಾಟಿದವರ ಪ್ರಮಾಣ, 12ರಿಂದ 23 ತಿಂಗಳ ಮಕ್ಕಳಿಗೆ ಅದರ ಅರ್ಧ. ಒಂದು ವರ್ಷದೊಳಗಿನ ಕೂಸಿಗೆ ಯಾವ ಔಷಧಿ, ಎಷ್ಟು ಎಂಬುದನ್ನು ಅದರ ತೂಕ ಮತ್ತು ಹಿಮೋಗ್ಲೋಬಿನ್ ನೋಡಿ ವೈದ್ಯರೇ ಹೇಳಬೇಕು.