ಅತ್ತೆ ಮಂಡಿ ಮಾತ್ರೆ ಸೊಸೆ ಬೆರಳಿಗೆ ಆಗಲ್ಲ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕೀಲು ನೋವಿನವೇ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಆರ್ಥರೈಟಿಸ್ ಅನ್ನೋದು "ಜ್ವರ" ಅಂದ ಹಾಗೆ, ಕೀಲು ಊದಿದೆ ನೋಯ್ತಿದೆ ಅಂತ ಹೇಳುತ್ತೆ ಹೊರತು ಯಾಕೆ ಅಂತ ಹೇಳಲ್ಲ. ನೂರಕ್ಕಿಂತ ಜಾಸ್ತಿ ವಿಧ ಇವೆ. ನಾವು ಎಲ್ಲಕ್ಕೂ "ವಾಯು" ಅಂತ ಒಂದೇ ಹೆಸರಿಟ್ಟು ಒಂದೇ ಎಣ್ಣೆ ತಿಕ್ತೀವಿ, ಗೊಂದಲ ಅಲ್ಲಿಂದ್ಲೇ ಶುರು.

ಪ್ರಶ್ನೆ (ದಾವಣಗೆರೆಯಿಂದ): ನನಗೆ 38 ವರ್ಷ. ಮೂರು ತಿಂಗಳಿಂದ ಎರಡೂ ಕೈ ಬೆರಳು ನೋವು, ಬೆಳಿಗ್ಗೆ ಮುಷ್ಟಿ ಕಟ್ಟೋಕಾಗಲ್ಲ, ಬಳೆ ಹತ್ತಲ್ಲ. ಆರ್‌ಎ ಫ್ಯಾಕ್ಟರ್ ಟೆಸ್ಟ್ (ರುಮಟಾಯ್ಡ್ ಆರ್ಥರೈಟಿಸ್ ಇದೆಯಾ ಅಂತ ನೋಡೋ ರಕ್ತಪರೀಕ್ಷೆ) ನೆಗೆಟಿವ್ ಬಂತು. ನಮ್ಮತ್ತೆ ಮಂಡಿನೋವಿಗೆ ತಗೊಳ್ಳೋ ಮಾತ್ರೆ ನುಂಗಿದ್ರೆ ಎರಡು ದಿನ ಪರವಾಗಿಲ್ಲ, ಆಮೇಲೆ ಅದೇ ಕಥೆ. ನಂದೂ ಅವರಿಗೆ ಇರೋದೇನಾ?

ಉತ್ತರ: ಅಲ್ಲ ಅನ್ಸುತ್ತಮ್ಮ. ನಾನು ಎಲ್ಲರಿಗೂ ಕೇಳೋ ಮೊದಲ ಪ್ರಶ್ನೆ, ಬೆಳಿಗ್ಗೆ ಎದ್ದ ಮೇಲೆ ಕೈ ಸ್ವಾಧೀನಕ್ಕೆ ಬರೋಕೆ ಎಷ್ಟೊತ್ತು ಬೇಕು ಅಂತ. "ಸ್ವಲ್ಪ ಹೊತ್ತು ಡಾಕ್ಟ್ರೇ" ಅಂತಾರೆ, ಅದರಿಂದ ನನಗೇನೂ ಗೊತ್ತಾಗಲ್ಲ, ಹಾಗಾಗಿ ಅಡುಗೆಮನೆ ಲೆಕ್ಕದಲ್ಲೇ ಕೇಳ್ತೀನಿ. ಹಾಲು ಕಾಯಿಸಿ ಕಾಫಿ ಲೋಟ ಕೈಗೆ ಬರೋ ಹೊತ್ತಿಗೆ ಬಿಗಿತ ಬಿಟ್ರೆ ಒಂದು ಲೆಕ್ಕ, ಮಕ್ಕಳ ಡಬ್ಬಿ ಕಟ್ಟಿ ಅವರು ಸ್ಕೂಲಿಗೆ ಹೋದ್ರೂ ಚಾಕು ಹಿಡಿಯೋಕೆ ಆಗ್ತಿಲ್ಲ ಅಂದ್ರೆ ಇನ್ನೊಂದು ಲೆಕ್ಕ. ನಿಮ್ಮತ್ತೆಗೆ ಇರಬಹುದಾದ, ಕೀಲು ಸವೆದು ಬರೋ ಆರ್ಥರೈಟಿಸ್‌ನಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆ ದಾಟಲ್ಲ. ರುಮಟಾಯ್ಡ್‌ನಲ್ಲಿ ಗಂಟೆಗಟ್ಟಲೆ ಇರುತ್ತೆ.

ಇನ್ನೊಂದು, ಯಾವ ಗೆಣ್ಣು ಅಂತ ನೋಡ್ಕೊಳ್ಳಿ. ಉಗುರಿನ ಹತ್ತಿರದ ಗೆಣ್ಣು ದಪ್ಪ ಆಗಿ, ಒತ್ತಿದ್ರೆ ಹುಣಸೆಬೀಜದ ಥರ ಗಟ್ಟಿ ಸಿಕ್ರೆ ಅದು ಸವೆತ, ವಯಸ್ಸಾದವರ ಕೈಯಲ್ಲಿ ನೋಡಿರ್ತೀರ. ಬೆರಳಿನ ಬುಡ, ನಡುವಿನ ಗೆಣ್ಣು, ಮಣಿಕಟ್ಟು, ಅದೂ ಎರಡೂ ಕೈಯಲ್ಲಿ ಒಟ್ಟಿಗೆ ಊದಿ, ಒತ್ತಿದ್ರೆ ಮೆತ್ತಗೆ ಇದ್ರೆ ರುಮಟಾಯ್ಡ್ ಅನುಮಾನ. ಅಲ್ಲಿ ದೇಹದ ಕಾವಲು ವ್ಯವಸ್ಥೆನೇ ದಾರಿ ತಪ್ಪಿ ಕೀಲಿನ ಒಳಪದರದ ಮೇಲೆ ಬಿದ್ದಿರುತ್ತೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ, ವಯಸ್ಸಾದ್ಮೇಲೇ ಬರೋದು ಅಂತೇನಿಲ್ಲ, 30-40ರಲ್ಲೂ ಬರುತ್ತೆ.

ಆರ್‌ಎ ಫ್ಯಾಕ್ಟರ್ ನೆಗೆಟಿವ್ ಅಂತ ನೆಮ್ಮದಿಯಾಗಿ ಕೂರಬೇಡಿ, ಕಾಯಿಲೆ ಇದ್ದೂ ನೆಗೆಟಿವ್ ಬರೋರು ಬೇಕಾದಷ್ಟು ಜನ ಇದ್ದಾರೆ, ಏನೂ ಇಲ್ಲದೇ ಪಾಸಿಟಿವ್ ಬರೋರೂ ಇದ್ದಾರೆ. ಇನ್ನೂ ಮೂರು ರಕ್ತಪರೀಕ್ಷೆ, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಮಾಡಿಸಿ ರುಮಟಾಲಜಿ (ಕೀಲುರೋಗದ) ಡಾಕ್ಟರ್‌ಗೆ ಕೈ ತೋರಿಸಿ, ರಿಪೋರ್ಟ್ ಅಷ್ಟೇ ತೋರಿಸಿ ಬರಬೇಡಿ. ಅತ್ತೆ ಮಾತ್ರೆ ಬರೀ ನೋವು ಮುಚ್ಚುತ್ತೆ, ಒಳಗೆ ಮೂಳೆ ಕೊರೆಯೋದು ನಿಲ್ಲಲ್ಲ. ಹಾಗಾಗಿ ತಡ ಮಾಡಬೇಡಿ, ಒಮ್ಮೆ ಸೊಟ್ಟ ಆದ ಬೆರಳನ್ನ ಮಾತ್ರೆ ನೆಟ್ಟಗೆ ಮಾಡಲ್ಲ.

ರುಮಟಾಯ್ಡ್ ಅಂತಾನೇ ಆದ್ರೆ ಕಾಯಿಲೆನೇ ಹತೋಟಿಗೆ ತರೋ ಮೆಥೋಟ್ರೆಕ್ಸೇಟ್ ಮಾತ್ರೆ ಬರೀಬಹುದು. ಇದನ್ನ ದಪ್ಪ ಅಕ್ಷರದಲ್ಲಿ ಓದ್ಕೊಳ್ಳಿ: ಅದು ವಾರಕ್ಕೆ ಒಂದೇ ದಿನ, ದಿನಾ ಅಲ್ಲ. ದಿನಾ ನುಂಗಿ ಬಾಯಿ ತುಂಬಾ ಹುಣ್ಣಾಗಿ, ರಕ್ತಕಣ ಇಳಿದು ಅಡ್ಮಿಟ್ ಆದವರನ್ನ ನಾನೇ ನೋಡಿದ್ದೀನಿ. ಗೋಡೆ ಕ್ಯಾಲೆಂಡರ್‌ನಲ್ಲಿ ಭಾನುವಾರಕ್ಕೋ ಸೋಮವಾರಕ್ಕೋ ಪೆನ್ನಲ್ಲಿ ಸುತ್ತು ಹಾಕಿಡಿ. ಜೊತೆಗೆ ಫೋಲಿಕ್ ಆಸಿಡ್ ಕೊಡ್ತಾರೆ, ಆಗಾಗ ರಕ್ತ, ಲಿವರ್ ಟೆಸ್ಟ್ ಇರುತ್ತೆ. ಇನ್ನೊಂದು ಮಗು ಬೇಕು ಅಂತಿದ್ರೆ ಮೊದಲೇ ಬಾಯಿಬಿಟ್ಟು ಹೇಳಿ, ಬಸುರಲ್ಲಿ ಆ ಮಾತ್ರೆ ಕೂಡದು.

ಮತ್ತೆ ಯಾರೋ ಕೊಡೋ ಹೆಸರಿಲ್ಲದ ಪುಡಿ ಪೊಟ್ಟಣ, ಅದರ ಬಗ್ಗೆ ಜಾಗ್ರತೆ. ಒಂದೇ ದಿನದಲ್ಲಿ ನೋವೆಲ್ಲಾ ಮಾಯ ಆದ್ರೆ ಅದರಲ್ಲಿ ಸ್ಟೀರಾಯ್ಡ್ ಇರೋ ಸಾಧ್ಯತೆ ಜಾಸ್ತಿ, ಆರು ತಿಂಗಳಿಗೆ ಮುಖ ಊದಿ, ಶುಗರ್ ಏರಿ, ಮೂಳೆ ಟೊಳ್ಳಾಗಿ ಬರ್ತಾರೆ ಜನ. ಈಗಾಗ್ಲೇ ತುಂಬಾ ದಿನದಿಂದ ತಗೋತಿದ್ರೆ ಥಟ್ಟಂತ ನಿಲ್ಲಿಸಬೇಡಿ, ಅದೂ ಅಪಾಯ, ಪೊಟ್ಟಣ ಸಮೇತ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ (ಸಾಗರದಿಂದ): 64 ವರ್ಷ, ಅಡಿಕೆ ತೋಟ. ಎರಡೂ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಎಕ್ಸ್‌ರೇಲಿ ಸವೆದಿದೆ, ಆಪರೇಷನ್ ಆಗಬೇಕು ಅಂದ್ರು. ನಮ್ಮ ಕಡೆ ಹಂದಿಗೋಡು ಕಾಯಿಲೆ ಅಂತಾರಲ್ಲ, ಅದಿರಬಹುದಾ?

ಉತ್ತರ: ಆ ಭಯ ಬಿಡಿ ರಾಯರೇ. 1970ರ ದಶಕದಲ್ಲಿ ನಿಮ್ಮ ಪಕ್ಕದ ಹಂದಿಗೋಡಿನಲ್ಲಿ ಕಂಡ ಕಾಯಿಲೆ ಕೆಲವು ಕುಟುಂಬಗಳಲ್ಲಿ ವಂಶವಾಹಿಯಾಗಿ ಬರೋದು, ಮುಖ್ಯವಾಗಿ ಸೊಂಟದ ಕೀಲು ಹಿಡಿಯುತ್ತೆ, 64 ಆಗೋವರೆಗೆ ಕಾಯಲ್ಲ. ನಿಮ್ಮದು ಆಸ್ಟಿಯೋ ಆರ್ಥರೈಟಿಸ್, ಸಾಮಾನ್ಯ ಸವೆತ.

ಆಪರೇಷನ್ ಮಾಡೋದು ಎಕ್ಸ್‌ರೇಗೆ ಅಲ್ಲ, ನೋವಿಗೆ. ಫಿಲ್ಮ್‌ನಲ್ಲಿ ಮೂಳೆಗೆ ಮೂಳೆ ತಾಗಿದ್ರೂ ದಿನಾ ತೋಟ ಸುತ್ತೋರಿದ್ದಾರೆ. ರಾತ್ರಿ ನಿದ್ದೆ ಕೆಟ್ಟು, ಬಚ್ಚಲಿಗೆ ಹೋಗೋದೂ ಕಷ್ಟ ಅನ್ನೋ ಹೊತ್ತಿಗೆ ಯೋಚನೆ ಮಾಡಿ, ಮಂಡಿಯಲ್ಲಿ ಕೂರಿಸೋ ಕೃತಕ ಕೀಲು, ಅಂದ್ರೆ ಇಂಪ್ಲಾಂಟ್‌ಗೆ 2017ರಿಂದ ಕೇಂದ್ರ ಸರ್ಕಾರ ಬೆಲೆ ಮಿತಿ ಹಾಕಿದೆ, ಬಿಲ್‌ನಲ್ಲಿ ಅದನ್ನ ಬೇರೆಯಾಗಿ ತೋರಿಸಿ ಅಂತ ಕೇಳಿ. ಅಲ್ಲಿವರೆಗೆ ತೊಡೆ ಸ್ನಾಯು ಗಟ್ಟಿ ಮಾಡ್ಕೊಳ್ಳಿ. ಕುರ್ಚಿ ಮೇಲೆ ಕೂತು ಒಂದು ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸಿ ಇಳಿಸೋದು, ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಮೊದಲ ವಾರ ನೀವು ನನ್ನ ಬೈಕೋತೀರ, ಪರವಾಗಿಲ್ಲ. ತೂಕ ಜಾಸ್ತಿ ಇದ್ರೆ ಇಳಿಸಿ, ಒಂದು ಕೆಜಿ ಇಳಿದ್ರೆ ಮಂಡಿ ಮೇಲೆ ಪ್ರತಿ ಹೆಜ್ಜೆಗೂ ಸುಮಾರು ನಾಲ್ಕು ಕೆಜಿ ಭಾರ ಕಮ್ಮಿ. ಕೋಲು ಹಿಡಿಯೋದಾದ್ರೆ ಜಾಸ್ತಿ ನೋಯೋ ಕಾಲಿನ ಕಡೆ ಅಲ್ಲ, ಎದುರು ಕೈಯಲ್ಲಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಅಡಿಕೆ ಸುಲಿಯೋದು ಬಿಟ್ಟು ಕುರ್ಚಿಗೆ ಬನ್ನಿ. ಕಾರ್ಟಿಲೇಜ್ (ಕೀಲಿನ ಮೆತ್ತೆ) ಮತ್ತೆ ಬೆಳೆಸ್ತೀವಿ ಅನ್ನೋ ಪೌಡರ್ ಡಬ್ಬಿಗೆ ದುಡ್ಡು ಸುರೀಬೇಡಿ.

ಪ್ರಶ್ನೆ (ಶಾರ್ಜಾದಿಂದ): 45 ವರ್ಷ. ರಾತ್ರಿ ಎರಡು ಗಂಟೆಗೆ ಕಾಲಿನ ಹೆಬ್ಬೆರಳು ಕೆಂಪಗೆ ಊದಿ ಹೊದಿಕೆ ತಾಗಿದ್ರೂ ಜೀವ ಹೋಗ್ತಿತ್ತು. ಯೂರಿಕ್ ಆಸಿಡ್ 8.4. ತೊಗರಿಬೇಳೆ, ಟೊಮ್ಯಾಟೊ ಎಲ್ಲ ಬಿಟ್ಟಿದ್ದೀನಿ, ಸಾರು ಇಲ್ಲದೇ ಊಟ ಸೇರ್ತಿಲ್ಲ.

ಉತ್ತರ: ಸಾರು ಮಾಡ್ಕೊಂಡು ಊಟ ಮಾಡಿ ಸ್ವಾಮಿ. ಹೊದಿಕೆ ಮಾತು ಹೇಳಿದ ತಕ್ಷಣ ಗೌಟ್ ಅನ್ಸುತ್ತೆ, ಯೂರಿಕ್ ಆಸಿಡ್ ಸೂಜಿಯಂಥ ಹರಳಾಗಿ ಕೀಲಲ್ಲಿ ಕೂರುತ್ತೆ. ಬೇಳೆ, ಸೊಪ್ಪು, ತರಕಾರಿಯಿಂದ ಗೌಟ್ ಅಪಾಯ ಏರಿದ್ದು ಕಂಡಿಲ್ಲ. ಬಿಡಬೇಕಾದ್ದು ಬಿಯರ್, ಮಟನ್ನು, ಲಿವರ್ರು, ಸಿಹಿ ಕೂಲ್‌ಡ್ರಿಂಕ್ಸು (ನೀವು ಇವುಗಳ ಸುದ್ದಿನೇ ಎತ್ತಿಲ್ಲ, ನಾನು ಗಮನಿಸಿದೆ). ಪದೇ ಪದೇ ಬಂದ್ರೆ ಅಲೋಪ್ಯೂರಿನಾಲ್ ಥರದ್ದು ಹಿಡಿದು ಯೂರಿಕ್ ಆಸಿಡ್ 6ರ ಕೆಳಗೆ ತರ್ತಾರೆ. ನೋವಿಲ್ಲ ಅಂತ ಮಧ್ಯ ನಿಲ್ಲಿಸೋರೇ ಜಾಸ್ತಿ, ಅವರೇ ಮತ್ತೆ ರಾತ್ರಿ ಎರಡಕ್ಕೆ ಏಳೋದು. ಬಿಪಿಗೆ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡೋದು) ತಗೋತಿದ್ರೆ ಡಾಕ್ಟರ್‌ಗೆ ಹೇಳಿ, ಅದರಿಂದಲೂ ಯೂರಿಕ್ ಆಸಿಡ್ ಏರುತ್ತೆ.

ಒಂದೇ ಕೀಲು ಕೆಂಪಗೆ ಊದಿ ಜೊತೆಗೆ ಚಳಿಜ್ವರನೂ ಇದ್ರೆ ಮಾತ್ರ ಗೌಟ್ ಅಂತ ಮನೇಲಿ ಕೂರಬೇಡಿ, ಒಳಗೆ ಕೀವು ಇರಬಹುದು, ಅವತ್ತೇ ಆಸ್ಪತ್ರೆ.

ಪ್ರಶ್ನೆ (ಹಾಸನದಿಂದ): ಮಗನಿಗೆ 26. ಬೆಳಗಿನ ಜಾವ ನಾಲ್ಕಕ್ಕೆ ಬೆನ್ನುನೋವಿಗೆ ಎಚ್ಚರ ಆಗುತ್ತಂತೆ, ಓಡಾಡಿದ್ರೆ ಕಮ್ಮಿ. ಕೂತು ಕೆಲಸ ಮಾಡೋದಕ್ಕೆ ಅಂತ ಬೆಡ್ ರೆಸ್ಟ್ ಹೇಳಿದ್ದಾರೆ.

ಉತ್ತರ: ರೆಸ್ಟ್ ಬೇಡ. ಉಳುಕಿದ ಬೆನ್ನು ಮಲಗಿದ್ರೆ ಕಮ್ಮಿ ಆಗುತ್ತೆ, ಇದು ಮಲಗಿದ್ರೇ ಜಾಸ್ತಿ ಆಗ್ತಿದೆ ನೋಡಿ. ಮೂರು ತಿಂಗಳು ದಾಟಿದ್ರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಗೆ ಬರೋ ಆರ್ಥರೈಟಿಸ್) ಇದೆಯಾ ಅಂತ ನೋಡಿಸಿ, ಎಚ್‌ಎಲ್‌ಎ ಬಿ27 ಅನ್ನೋ ರಕ್ತ ಟೆಸ್ಟ್, ಸೊಂಟದ ಹಿಂಭಾಗದ ಕೀಲಿಗೆ ಎಂಆರ್‌ಐ ಬರೀತಾರೆ. ಕಣ್ಣು ಯಾವಾಗಾದ್ರೂ ಕೆಂಪಾಗಿ ನೋವಾಗಿತ್ತಾ ಕೇಳಿ, ಆಗಿದ್ರೆ ಅದನ್ನೂ ಹೇಳಿ, ಎರಡೂ ಒಂದೇ ಕಾಯಿಲೆ ಇರಬಹುದು.