ಮೊದಲ ಗುಟುಕಿಗೇ ಗ್ಲಾಸ್ ಕೆಳಗಿಡಬೇಡಿ

ಪ್ರಶ್ನೆ: ಮಗಳು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾನು, ನನ್ನ ಹೆಂಡತಿ ಹೋಗುತ್ತಿದ್ದೇವೆ. ಹತ್ತಿರದ ಬಾಂಬರ್ಗ್ ಅನ್ನೋ ಹಳೇ ಊರಿಗೆ ಒಂದು ದಿನ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿಯ ಬಿಯರ್ ಹೊಗೆ ವಾಸನೆ ಹೊಡೆಯುತ್ತದಂತೆ, ನಿಜವೇ? ಕುಡಿಯಬಹುದೇ ಸರ್? ನಮ್ಮ ಮನೆಯವರು ಸಸ್ಯಾಹಾರಿ.
– ಓದುಗರು, ಶ್ರೀನಿವಾಸಪುರ

ಉತ್ತರ: ನಿಜ. ಖಂಡಿತ ಕುಡಿಯಿರಿ. 2018ರ ಅಕ್ಟೋಬರ್‌ನಲ್ಲಿ ನಾನು ಕೋಲಾರದಿಂದ ಹೋಗಿ ಎರಡು ದಿನ ಅಲ್ಲಿದ್ದು ಬಂದೆ. ಇವತ್ತಿಗೂ ಎಲ್ಲಾದರೂ ಸೌದೆ ಒಲೆಯ ಹೊಗೆ ಬಂದರೆ ಆ ಊರು ನೆನಪಾಗುತ್ತದೆ.

ಮಕ್ಕಳಿಗೆ ರಾಗಿ ಮಾಲ್ಟ್ ಹೇಗೆ ಮಾಡುತ್ತೇವೆ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿಯುತ್ತೇವೆ ಅಲ್ವಾ? ಬಿಯರ್‌ಗೆ ಬಾರ್ಲಿಯನ್ನೂ ಹೀಗೇ ಮೊಳಕೆ ಬರಿಸಿ ಒಣಗಿಸಬೇಕು. ಬಾಂಬರ್ಗ್‌ನವರು ಅದನ್ನು ಬೀಚ್ ಎಂಬ ಜಾತಿಯ ಮರದ ಸೌದೆ ಉರಿಯಲ್ಲಿ ಒಣಗಿಸುತ್ತಾರೆ. ಹೊಗೆ ಕಾಳಿಗೆ ಹತ್ತುತ್ತದೆ, ಕಾಳಿನಿಂದ ಬಿಯರ್‌ಗೆ ಇಳಿಯುತ್ತದೆ. ಅದಕ್ಕೇ ಹೆಸರು ರೌಖ್‌ಬಿಯರ್. ರೌಖ್ ಅಂದರೆ ಹೊಗೆ. ಸೌದೆ ಉರಿ ಬಿಟ್ಟರೆ ಬೇರೆ ದಾರಿ ಇಲ್ಲದ ಕಾಲದಲ್ಲಿ ಎಷ್ಟೋ ಊರಿನ ಬಿಯರ್‌ನಲ್ಲಿ ಈ ಹೊಗೆ ಇರುತ್ತಿತ್ತು. ಹೊಗೆ ತಾಗದಂತೆ ಒಣಗಿಸುವ ವಿಧಾನ ಬಂದ ಮೇಲೆ ಎಲ್ಲರೂ ಅತ್ತ ಹೋದರು. ಇಲ್ಲಿನ ಶ್ಲೆಂಕರ್ಲಾ, ಶ್ಪೆತ್ಸಿಯಾಲ್ ಅನ್ನೋ ಎರಡು ಬಿಯರ್ ತಯಾರಿಕಾ ಮನೆಯವರು ಮಾತ್ರ ಹಳೇ ಪದ್ಧತಿ ಬಿಡಲಿಲ್ಲ. ಆ ಹಟ ನನಗೆ ತುಂಬಾ ಇಷ್ಟ.

ಮೊದಲು ಶ್ಪೆತ್ಸಿಯಾಲ್‌ಗೆ ಹೋಗಿ. ಸ್ಟೇಷನ್‌ನಿಂದ ಊರೊಳಕ್ಕೆ ನಡೆಯುವಾಗ ದಾರಿಯಲ್ಲೇ ಸಿಗುತ್ತದೆ. ಅಲ್ಲಿ ಹೊಗೆ ಹದವಾಗಿದೆ. ಶ್ಲೆಂಕರ್ಲಾದ್ದು ಜೋರು. ಕಡು ಕಂದು ಬಣ್ಣ, ಮರದ ಪೀಪಾಯಿಯಿಂದ ನೇರ ಗ್ಲಾಸಿಗೆ. ಅರ್ಧ ಲೀಟರ್ ಗ್ಲಾಸು, ಆಲ್ಕೋಹಾಲ್ ಶೇ 5.1. ಮೊದಲ ಗುಟುಕಿಗೆ ನನಗೆ ಅಜ್ಜಿ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಊದುತ್ತಾ ಕೂತ ಹಾಗಾಯಿತು. ಗ್ಲಾಸ್ ಕೆಳಗಿಟ್ಟುಬಿಟ್ಟೆ. ಅದೇ ಬೆಂಚಿನಲ್ಲಿದ್ದ ಒಬ್ಬ ಅಜ್ಜ (ಅಲ್ಲಿ ಗುರುತಿಲ್ಲದವರೂ ಒಂದೇ ಮೇಜಿಗೆ ಕೂರುತ್ತಾರೆ) ಅಂಗೈ ತಗ್ಗಿಸಿ, ನಿಧಾನ, ನಿಧಾನ ಅನ್ನುವ ಹಾಗೆ ಸನ್ನೆ ಮಾಡಿದರು. ಅರ್ಧ ಗ್ಲಾಸಿನ ಹೊತ್ತಿಗೆ ಹೊಗೆ ಹಿಂದೆ ಸರಿಯಿತು, ಕಾಳಿನ ಸಿಹಿ ಮುಂದೆ ಬಂತು. ನೀವೂ ಅಲ್ಲಿಯವರೆಗೆ ತಾಳಿ. ಕೈಯಲ್ಲಿ ಸ್ವಲ್ಪ ನಗದು ಯೂರೋ ಇರಲಿ.

ನಿಮ್ಮ ಮನೆಯವರಿಗೆ ಬ್ರೆಟ್ಸೆಲ್ ರೊಟ್ಟಿ, ಚೀಸ್, ಆಲೂಗಡ್ಡೆ ಸಿಗುತ್ತವೆ. ಬಾಂಬರ್ಗ್ ಈರುಳ್ಳಿ ಅಂತ ಮೆನುವಿನಲ್ಲಿ ಕಂಡರೆ ಮೋಸ ಹೋಗಬೇಡಿ, ಒಳಗೆ ಖೀಮಾ ತುಂಬಿರುತ್ತಾರೆ. ಹುಳಿ ಎಲೆಕೋಸಿಗೂ ಹಂದಿ ಕೊಬ್ಬು ಹಾಕುವುದುಂಟು. ಮಗಳ ಕೈಲಿ ಕೇಳಿಸಿಯೇ ತರಿಸಿ.

ಊರು ನೋಡದೆ ಬರೀ ಬಿಯರ್ ಕುಡಿದು ಬರಬೇಡಿ. ಈ ಹಳೇ ಪೇಟೆ 1993ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹಳೇ ಟೌನ್‌ಹಾಲ್ ರೆಗ್ನಿಟ್ಜ್ ಹೊಳೆಯ ನಡುವೆ ನಿಂತಿದೆ. ಬಿಷಪ್ ಜಾಗ ಕೊಡಲಿಲ್ಲ, ಊರವರು ನೀರಿನಲ್ಲೇ ಕಂಬ ಹೂತು ಕಟ್ಟಿದರು ಅಂತ ಕತೆ. ಅದರ ಗೋಡೆ ಚಿತ್ರಗಳನ್ನು ಹತ್ತಿರ ಹೋಗಿ ನೋಡಿ. ಒಂದು ಪುಟ್ಟ ದೇವದೂತನ ಕಾಲು ಮಾತ್ರ ಚಿತ್ರದಿಂದ ಹೊರಗೆ ಚಾಚಿದೆ, ನಿಜವಾಗಿ ಕೆತ್ತಿದ ಕಾಲು! ನಾನು ಸೇತುವೆ ಮೇಲೆ ಎಷ್ಟೋ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ.

ಸಂಜೆ ಗುಡ್ಡ ಹತ್ತಿ. ಹಿಂದೆ ಬಿಯರ್ ತಂಪಾಗಿರಲಿ ಅಂತ ಗುಡ್ಡ ಕೊರೆದು ನೆಲಮಾಳಿಗೆ ಮಾಡುತ್ತಿದ್ದರು. ಅದರ ಮೇಲೆ ಚೆಸ್ಟ್‌ನಟ್ ಮರದ ನೆರಳಲ್ಲಿ ಬೆಂಚು ಹಾಕಿದ್ದಾರೆ. ಶ್ಪೆತ್ಸಿಯಾಲ್‌ನವರ ಜಾಗದಿಂದ ದೊಡ್ಡ ಚರ್ಚಿನ ಗೋಪುರಗಳು ಕಾಣುತ್ತವೆ. ಅಲ್ಲೇ ಕೂತು ಕೊನೆಯ ಗ್ಲಾಸ್ ಮುಗಿಸಿ. ಮೇ ತಿಂಗಳಾದರೂ ಬಿಸಿಲು ಇಳಿದ ಮೇಲೆ ಚಳಿ, ಇಬ್ಬರೂ ಸ್ವೆಟರ್ ಮರೆಯಬೇಡಿ.