ದಾವಣಗೆರೆಯ ಬೋರ್ ನೀರಿಗೆ ಕೂದಲು ಉದುರುತ್ತಾ?

ನಿಮಗೆ 26 ವರ್ಷ. ಕೆಲಸಕ್ಕೆಂದು ದಾವಣಗೆರೆಗೆ ಬಂದ ಮೇಲೆ ರೂಮಿನ ಬೋರ್ ನೀರಿಗೆ ಹಣೆಯ ಎರಡೂ ಮೂಲೆಯ ಕೂದಲು ಹೋಗುತ್ತಿದೆ, ಫಿಲ್ಟರ್ ಹಾಕಿಸಲಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಒಂದು ಮೆಡಿಕಲ್ ಶಾಪ್‌ನಲ್ಲಿದ್ದೇನೆ, ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆ ಕೌಂಟರಿಗೆ ಬರದ ವಾರವಿಲ್ಲ.

ಫಿಲ್ಟರ್ ಬೇಡ. ನಮ್ಮ ಕಡೆ ಬೋರ್ ನೀರು ಗಡಸು, ನಿಜ. ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ಕೂದಲು ಒರಟಾಗಬಹುದು, ತುಂಡಾಗಬಹುದು. ಆದರೆ ಬುಡ ಹಾಳಾಗುವುದಿಲ್ಲ. ನೀರೇ ಕಾರಣವಾಗಿದ್ದರೆ ಮನೆ ಓನರ್ ಆಂಟಿಯ ತಲೆಯೂ ಬೋಳಾಗಬೇಕಿತ್ತು, ಅಲ್ವಾ?

ಹಣೆಯ ಮೂಲೆಯಿಂದಲೋ ನೆತ್ತಿಯಿಂದಲೋ ಶುರುವಾದರೆ ಸಾಮಾನ್ಯವಾಗಿ ಅದು ವಂಶದಿಂದ ಬಂದದ್ದು. ಗಂಡಸರ ಟೆಸ್ಟೋಸ್ಟಿರಾನ್ ಹಾರ್ಮೋನಿನಿಂದ ಡಿಎಚ್‌ಟಿ ಅನ್ನುವ ಇನ್ನೊಂದು ಹಾರ್ಮೋನ್ ತಯಾರಾಗುತ್ತದೆ. ಎಲ್ಲರಲ್ಲೂ ಇರುವುದೇ, ಆದರೆ ಕೆಲವರ ಕೂದಲ ಬುಡಕ್ಕೆ ಅದು ಆಗಿಬರುವುದಿಲ್ಲ. ವರ್ಷ ಕಳೆದಂತೆ ಬುಡ ಸಣ್ಣದಾಗುತ್ತದೆ, ದಪ್ಪ ಕೂದಲಿದ್ದ ಕಡೆ ನವಿರು ರೋಮ ಬರುತ್ತದೆ, ಕೊನೆಗೆ ಅದೂ ಇಲ್ಲ. ತಾಯಿಯ ಅಪ್ಪನ ತಲೆ ನೋಡಿದರೆ ಸಾಕು ಅನ್ನುತ್ತಾರೆ. ಆದರೆ ಅಪ್ಪನ ಕಡೆಯಿಂದಲೂ ಬರುತ್ತದೆ.

ಎರಡು ಮೂರು ತಿಂಗಳ ಹಿಂದೆ ಡೆಂಗಿ, ಟೈಫಾಯ್ಡ್ ಏನಾದರೂ ಬಂದಿತ್ತಾ? ಹಾಗಿದ್ದರೆ ಇಡೀ ತಲೆಯಿಂದ ಹಿಡಿಹಿಡಿಯಾಗಿ ಉದುರಿ, ಕೆಲವು ತಿಂಗಳಲ್ಲಿ ಹೆಚ್ಚಾಗಿ ತಾನೇ ಸರಿಹೋಗುತ್ತದೆ. ದುಂಡಗೆ ಪ್ಯಾಚ್ ಬಿದ್ದರೆ ಅದು ಬೇರೆಯೇ ಕಾಯಿಲೆ. ಆದ್ದರಿಂದ ಮೊದಲು ಬಾಪೂಜಿ ಆಸ್ಪತ್ರೆಗೋ ಚಿಗಟೇರಿ ಜಿಲ್ಲಾಸ್ಪತ್ರೆಗೋ ಹೋಗಿ ಸ್ಕಿನ್ ಡಾಕ್ಟರಿಗೆ ತೋರಿಸಿ.

ವಂಶದ್ದೇ ಆದರೆ ಸಾಮಾನ್ಯವಾಗಿ ತಲೆಗೆ ಹಚ್ಚುವ 5% ಮಿನಾಕ್ಸಿಡಿಲ್ ದ್ರಾವಣ ಬರೆಯುತ್ತಾರೆ. ದಿನಕ್ಕೆರಡು ಸಲ 1 ಎಂಎಲ್, ತಲೆ ಒಣಗಿರುವಾಗ, ಕೂದಲಿಗಲ್ಲ, ಕೂದಲು ತೆಳುವಾದ ಕಡೆಯ ಚರ್ಮಕ್ಕೆ. ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯೇ ಆಗಬಹುದು. ಅಷ್ಟಕ್ಕೇ ಹೆದರಿ, ಅರ್ಧ ಬಾಟಲಿ ಹಿಡಿದು ನಮ್ಮ ಹತ್ತಿರ ಜಗಳಕ್ಕೆ ಬರುತ್ತಾರೆ! ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಬಂದದ್ದೂ ಹೋಗುತ್ತದೆ, ಇದನ್ನು ತಿಳಿದೇ ಶುರು ಮಾಡಿ.

ಇನ್ನೊಂದು ಫಿನಾಸ್ಟರೈಡ್ 1 ಎಂಜಿ ಮಾತ್ರೆ. ಡಿಎಚ್‌ಟಿಯನ್ನೇ ತಗ್ಗಿಸುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ, ಮನಸ್ಸು ಕುಗ್ಗುವುದೂ ಉಂಟು. ಗರ್ಭಿಣಿಯರು ಇದರ ಒಡೆದ ಮಾತ್ರೆಯನ್ನು ಮುಟ್ಟಲೂಬಾರದು. ಡಾಕ್ಟರ್ ಚೀಟಿ ಇಲ್ಲದೆ ಕೇಳಲೇಬೇಡಿ.

ಈರುಳ್ಳಿ ಎಣ್ಣೆ? ನಾನೇ ಮಾರುತ್ತೇನೆ, ಆದರೂ ಹೇಳುತ್ತೇನೆ, ಸುಮ್ನೆ ದುಡ್ಡು ದಂಡ. ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆಯೂ ಅದರ ಕೊರತೆ ಇಲ್ಲದವರಿಗೆ ಅಷ್ಟೇ.

ಮದುವೆಗೆ ಮೊದಲು ಟ್ರಾನ್ಸ್‌ಪ್ಲಾಂಟ್ ಮಾಡಿಸಲಾ ಅಂದಿದ್ದೀರಿ. ಈ ವಯಸ್ಸಿಗೆ ಅವಸರ ಬೇಡ. ಹಿಂತಲೆಯಿಂದ ತಂದು ನೆಟ್ಟ ಕೂದಲು ಉಳಿಯುತ್ತದೆ, ಅದರ ಹಿಂದಿನ ಹಳೇ ಕೂದಲು ಉದುರುತ್ತಾ ಹೋಗುತ್ತದೆ. ಆಮೇಲೆ ಮುಂದೆ ಒಂದು ಸಾಲು, ಮಧ್ಯೆ ಬಯಲು. ಈಗ ಪ್ರತಿ ಸಲ ಒಂದೇ ತರಹದ ಬೆಳಕಲ್ಲಿ ತಲೆಯ ಫೋಟೊ ತಿಂಗಳಿಗೊಂದು ತೆಗೆದಿಡಿ, ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.